ಹಿಂದಿನ ಸೀಟಿನವರನ್ನು ಕೇಳಿ ಕಾರು ಕೊಳ್ಳಿ: ತಿರುಪ್ಪೂರು, ಕೊಯಮತ್ತೂರು ದಾರಿಗಳಲ್ಲಿ ಮೂರು ದಿನ

ನಮ್ಮಂಥ ಮಧ್ಯಮ ವರ್ಗದ ಕುಟುಂಬಗಳಿಗೆ ಮನೆ ಕಟ್ಟಿಸುವುದು ಮೊದಲ ದೊಡ್ಡ ಖರ್ಚಾದರೆ ಕಾರು ಕೊಳ್ಳುವುದು ಎರಡನೆಯದು. ಒಂದು ಸೀರೆಗಾಗಿ ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಹದಿನೈದು ಲಕ್ಷದ ಕಾರನ್ನು ಮಾತ್ರ ಷೋರೂಮಿನ ಮುಂದಿನ ನುಣುಪಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ, ಬಣ್ಣ ಆರಿಸಿ, ಮುಂಗಡ ಕೊಟ್ಟು ಬಂದುಬಿಡುತ್ತೇವೆ! ಆ ಹತ್ತು ನಿಮಿಷದಲ್ಲಿ ಸ್ಟಿಯರಿಂಗ್ ಹಿಡಿದವರಿಗೆ ಮಾತ್ರ ಕಾರಿನ ಪರಿಚಯವಾಗುತ್ತದೆ. ಮುಂದಿನ ಹತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂರಬೇಕಾದ ವೃದ್ಧ ತಾಯಿ ತಂದೆಯರನ್ನು, ಮಕ್ಕಳನ್ನು ಯಾರೂ ಕೇಳುವುದಿಲ್ಲ.

ಈಗ ಎಲ್ಲರ ಕಣ್ಣು 'ಮಿಡ್ ಸೈಜ್ ಎಸ್‌ಯುವಿ' ಎಂಬ ಎತ್ತರದ ಕಾರುಗಳ ಮೇಲೆ. ಹ್ಯುಂಡೈ ಕ್ರೆಟಾ 2015ರಲ್ಲಿ ಬಂತು, ಕಿಯಾ ಸೆಲ್ಟೋಸ್ 2019ರಲ್ಲಿ. 2022ರಲ್ಲಿ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಎಂಬ ಅವಳಿ ಕಾರುಗಳು ಬಂದವು. ನಮ್ಮ ಮನೆಯಲ್ಲೂ ಹಳೆಯ ಸಣ್ಣ ಕಾರನ್ನು ಬದಲಿಸುವ ಮಾತು ನಡೆದಿತ್ತು. ತಿರುಪ್ಪೂರಿನಲ್ಲಿ ಉಡುಪು ವ್ಯಾಪಾರದಲ್ಲಿರುವ ನಮ್ಮ ಬಂಧುವೊಬ್ಬರ ಬಳಿ ಹೈರೈಡರ್ ಹೈಬ್ರಿಡ್ ಇದೆ. "ಕ್ರಿಸ್‌ಮಸ್ ರಜೆಗೆ ಎಲ್ಲರೂ ಬನ್ನಿ, ಮೂರು ದಿನ ನನ್ನ ಗಾಡಿ ಓಡಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ" ಎಂದು ಅವರು ಕರೆದರು. ಹೀಗೆ ನಾನು, ನನ್ನ ಮಡದಿ, ಇಬ್ಬರು ಮಕ್ಕಳು ಹಾಗೂ ಮಂಡಿನೋವಿನ ನನ್ನ ತಾಯಿ, ಒಟ್ಟು ಐದು ಜನ ಬೆಂಗಳೂರಿನಿಂದ ರೈಲು ಹಿಡಿದು ತಿರುಪ್ಪೂರಿನಲ್ಲಿ ಇಳಿದೆವು. ಆ ಮೂರು ದಿನಗಳಲ್ಲಿ ಕಂಡ ಊರುಗಳನ್ನೂ, ಕಾರಿನ ಬಗ್ಗೆ ತಿಳಿದುಕೊಂಡದ್ದನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳುತ್ತಿದ್ದೇನೆ.

ಬಿಡದಿಯ ಕಾರು

ಮೊದಲು ಕಾರಿನ ಪರಿಚಯ. ಹೆಸರು ಜಪಾನಿನದಾದರೂ ಇದು ತಯಾರಾಗುವುದು ನಮ್ಮ ರಾಮನಗರದ ಬಳಿಯ ಬಿಡದಿಯಲ್ಲಿ. ಅವಳಿಯಾದ ಗ್ರ್ಯಾಂಡ್ ವಿಟಾರಾ ಕೂಡ ಅದೇ ಟೊಯೊಟಾ ಕಾರ್ಖಾನೆಯಲ್ಲಿ ಸಿದ್ಧವಾಗಲು ಆರಂಭವಾಯಿತು. ಉದ್ದ 4,365 ಮಿಲಿಮೀಟರ್, ಅಗಲ 1,795 ಮಿಲಿಮೀಟರ್, ನೆಲದಿಂದ ಕಾರಿನ ಹೊಟ್ಟೆಗಿರುವ ಅಂತರ 210 ಮಿಲಿಮೀಟರ್. ಪೆಟ್ರೋಲ್ ಟ್ಯಾಂಕು 45 ಲೀಟರಿನದು. ಐದು ಜನ ಕೂರಬಹುದು.

ಇಂಥವನ್ನು 'ಕ್ರಾಸ್‌ಓವರ್' ಎನ್ನುತ್ತಾರೆ. ಹಿಂದಿನ ಜೀಪುಗಳಲ್ಲಿ ಕೆಳಗೆ ಏಣಿಯಂಥ ಗಟ್ಟಿ ಚೌಕಟ್ಟು, ಅದರ ಮೇಲೆ ಬೇರೆಯಾಗಿ ಕೂರಿಸಿದ ಮೈಕಟ್ಟು ಇರುತ್ತಿತ್ತು. ಕ್ರಾಸ್‌ಓವರ್‌ನಲ್ಲಿ ಹಾಗಿಲ್ಲ. ಸಾಧಾರಣ ಕಾರಿನಂತೆ ಚೌಕಟ್ಟು, ಮೈಕಟ್ಟು ಎರಡೂ ಒಂದೇ. ಅಂದರೆ ಇದು ಜೀಪಿನ ವೇಷ ತೊಟ್ಟ ಎತ್ತರದ ಕಾರು. ಹಳ್ಳ ಹೊಳೆ ದಾಟಲು ಹುಟ್ಟಿದ್ದಲ್ಲ. ಹಂಪು, ಗುಂಡಿ, ಕೆಟ್ಟ ರಸ್ತೆಗಳನ್ನು ತಳ ತಾಗಿಸದೆ ದಾಟಲು ಮಾಡಿದ್ದು. ಇದನ್ನು ಮೊದಲೇ ತಿಳಿದುಕೊಂಡರೆ ಆಮೇಲೆ ನಿರಾಸೆಯಿಲ್ಲ.

ಹೈರೈಡರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, 1,462 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನದು. ಅದಕ್ಕೆ ಸಣ್ಣ ಮಟ್ಟದ ಹೈಬ್ರಿಡ್ ನೆರವು ಮಾತ್ರ ಇದೆ. ಇನ್ನೊಂದು, ನಾವು ಓಡಿಸಿದ 'ಸ್ಟ್ರಾಂಗ್ ಹೈಬ್ರಿಡ್'. ಇದರಲ್ಲಿ 1,490 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಜೊತೆಗೆ ಒಂದು ವಿದ್ಯುತ್ ಮೋಟಾರು ಇದೆ. ಎರಡೂ ಸೇರಿ ಸುಮಾರು 116 ಅಶ್ವಶಕ್ತಿ. ಬ್ಯಾಟರಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಹಾಗಿಲ್ಲ. ಎಂಜಿನ್ ಓಡುವಾಗ ಮತ್ತು ಬ್ರೇಕ್ ಹಾಕುವಾಗ ಅದು ತಾನೇ ತುಂಬಿಕೊಳ್ಳುತ್ತದೆ. ಲೀಟರಿಗೆ 27.97 ಕಿಲೋಮೀಟರ್ ಎಂಬುದು ಪ್ರಯೋಗಾಲಯದ ಲೆಕ್ಕ. ನಮ್ಮ ರಸ್ತೆಗಳಲ್ಲಿ ಅಷ್ಟನ್ನು ನಿರೀಕ್ಷಿಸಬಾರದು.

ಬನಿಯನ್ ಊರಿನ ಗಲ್ಲಿಗಳಲ್ಲಿ

ಮೊದಲ ದಿನ ತಿರುಪ್ಪೂರು. ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ 2009ರಲ್ಲಿ ಈ ಜಿಲ್ಲೆಯನ್ನು ರಚಿಸಿದರು. ನಾವು ತೊಡುವ ಬನಿಯನ್, ಟೀ ಶರ್ಟುಗಳಿಂದ ಹಿಡಿದು ಯೂರೋಪು, ಅಮೆರಿಕದ ಅಂಗಡಿಗಳಲ್ಲಿ ನೇತುಹಾಕುವ ಉಡುಪುಗಳವರೆಗೆ ಇಲ್ಲಿ ತಯಾರಾಗುತ್ತವೆ. ಒಂದು ಬೀದಿಯಲ್ಲಿ ಹೆಣಿಗೆ, ಇನ್ನೊಂದರಲ್ಲಿ ಕತ್ತರಿಸುವುದು, ಮತ್ತೊಂದರಲ್ಲಿ ಹೊಲಿಗೆ, ಆಚೆ ಬೀದಿಯಲ್ಲಿ ಗುಂಡಿ ಹಾಕುವುದು! ಹೀಗೆ ಕೆಲಸ ಬೀದಿಯಿಂದ ಬೀದಿಗೆ ಹೋಗುವುದರಿಂದ ಬಟ್ಟೆಯ ಗಂಟು ಹೊತ್ತ ದ್ವಿಚಕ್ರ ವಾಹನಗಳು, ಪುಟ್ಟ ಟೆಂಪೋಗಳು ಇಡೀ ದಿನ ಓಡಾಡುತ್ತಲೇ ಇರುತ್ತವೆ. ಐದು ನಿಮಿಷ ಚಲಿಸಿದರೆ ಹತ್ತು ನಿಮಿಷ ನಿಲ್ಲಬೇಕು.

ಹೈಬ್ರಿಡ್ ಕಾರಿಗೆ ಹೇಳಿ ಮಾಡಿಸಿದ ಜಾಗ ಇದು. ನಿಂತಾಗ ಎಂಜಿನ್ ಪೂರ್ತಿ ಆರಿಹೋಗುತ್ತದೆ, ಎ.ಸಿ. ಮಾತ್ರ ಬ್ಯಾಟರಿಯಿಂದ ನಡೆಯುತ್ತಿರುತ್ತದೆ. ಆಮೆಯಂತೆ ತೆವಳುವಾಗ ಮೋಟಾರೇ ಎಳೆಯುತ್ತದೆ. ಕ್ಲಚ್ ಇಲ್ಲ, ಗೇರ್ ಬದಲಿಸುವ ಕೆಲಸವೂ ಇಲ್ಲ. ನಮ್ಮ ಹಳೆಯ ಕಾರುಗಳೆಲ್ಲ ಹೆದ್ದಾರಿಯಲ್ಲಿ ಹೆಚ್ಚು, ಪೇಟೆಯಲ್ಲಿ ಕಡಿಮೆ ಮೈಲೇಜು ಕೊಡುತ್ತವೆ ತಾನೇ? ಇಲ್ಲಿ ಆ ಲೆಕ್ಕವೇ ತಿರುಗುಮುರುಗು! ಆದರೆ ಒಂದು ಎಚ್ಚರಿಕೆ: ಮೋಟಾರಿನಿಂದ ಓಡುವಾಗ ಸದ್ದೇ ಇರುವುದಿಲ್ಲವಾದ್ದರಿಂದ ಮುಂದೆ ನಡೆದು ಹೋಗುವವರಿಗೆ ಕಾರು ಬಂದದ್ದು ತಿಳಿಯುವುದಿಲ್ಲ. ಗಲ್ಲಿಗಳಲ್ಲಿ ಚಾಲಕನೇ ಎರಡು ಪಟ್ಟು ಜಾಗರೂಕನಾಗಿರಬೇಕು. ಸುಮಾರು ಆರು ಅಡಿ ಅಗಲದ ಗಾಡಿ ಇಂಥ ಗಲ್ಲಿಗಳಿಗೆ ತುಸು ದೊಡ್ಡದೇ. ಮೇಲಿನ ದರ್ಜೆಯ ಮಾದರಿಗಳಲ್ಲಿರುವ ನಾಲ್ಕೂ ಕಡೆಯ ಕ್ಯಾಮೆರಾ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಊರಿನ ನಡುವೆ ನೊಯ್ಯಲ್ ನದಿ ಹರಿಯುತ್ತದೆ. ಬಣ್ಣದ ಕಾರ್ಖಾನೆಗಳ ಕೊಳೆನೀರಿನಿಂದ ಅದು ಎಷ್ಟು ಕೆಟ್ಟಿತ್ತೆಂದರೆ 2011ರಲ್ಲಿ ಮದರಾಸು ಹೈಕೋರ್ಟು ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸಿತು. ಕೊಳೆನೀರನ್ನು ಹೊರಗೆ ಬಿಡದೆ ಶುದ್ಧಮಾಡಿ ಮತ್ತೆ ಬಳಸುವ ವ್ಯವಸ್ಥೆ ಮಾಡಿಕೊಂಡ ಮೇಲಷ್ಟೇ ಅವು ತೆರೆದವು. ಅಗ್ಗವೆಂದು ಕಂಡದ್ದಕ್ಕೆ ಕೊನೆಗೆ ಯಾರಾದರೂ ಬೆಲೆ ತೆರಲೇಬೇಕೆಂಬ ಪಾಠ ಈ ಊರಿಗೆ ಚೆನ್ನಾಗಿ ಗೊತ್ತು. ಹೈಬ್ರಿಡ್ ಕಾರನ್ನು 'ಪರಿಸರಸ್ನೇಹಿ' ಎಂದು ಮಾರುತ್ತಾರೆ. ಅದು ಕಡಿಮೆ ಪೆಟ್ರೋಲ್ ಸುಡುತ್ತದೆ, ನಿಜ. ಆದರೆ ಸುಡುವುದಂತೂ ಹೌದು ಎಂಬುದನ್ನು ಮರೆಯಬಾರದು.

ಹೆದ್ದಾರಿಯಲ್ಲಿ ಕೊಯಮತ್ತೂರಿಗೆ

ಎರಡನೆಯ ದಿನ ಅವಿನಾಶಿಗೆ ಬಂದು, ರಾಷ್ಟ್ರೀಯ ಹೆದ್ದಾರಿ 544 ಹಿಡಿದು ಕೊಯಮತ್ತೂರಿನ ಕಡೆಗೆ ಹೊರಟೆವು. ಸೇಲಂನಿಂದ ಕೊಚ್ಚಿಗೆ ಹೋಗುವ ವಿಶಾಲ ರಸ್ತೆಯಿದು. ದಾರಿಯಲ್ಲಿ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ದೇವಾಲಯ ಸಿಗುತ್ತದೆ. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣ ಕೇಂದ್ರವಾಗಿದ್ದ ಯೇಸುಸಭೆಯ ಮೈಸೂರು ಮಿಷನ್ನಿಗೆ ಈ ಊರೂ, ಸತ್ಯಮಂಗಲವೂ ಸೇರಿದ್ದವು. ಮುಂದೆ ಮೈಸೂರು, ಕೊಯಮತ್ತೂರು ಎರಡೂ 1886ರಲ್ಲೇ ಧರ್ಮಪ್ರಾಂತ್ಯಗಳಾದವು. ಮೋಟಾರಿಲ್ಲದ ಕಾಲದಲ್ಲಿ ಗುರುಗಳು ದಿನಗಟ್ಟಲೆ ಸವೆಸಿದ ದಾರಿಯನ್ನು ನಾವು ಎ.ಸಿ. ಹಾಕಿಕೊಂಡು ಅರ್ಧ ದಿನದಲ್ಲಿ ಮುಗಿಸುತ್ತೇವೆ! ಕನ್ನಡದ ನಂಟು ಇಲ್ಲಿ ಇನ್ನೂ ಉಳಿದಿದೆ. ಈ ಭಾಗದ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾತು ಕನ್ನಡವೇ.

ಹೆದ್ದಾರಿಯಲ್ಲಿ ಕಾರು ಸ್ಥಿರವಾಗಿ ಓಡಿತು. ಐದು ಜನ ಕುಳಿತಿದ್ದರೂ ಲಾರಿಗಳನ್ನು ಹಿಂದೆ ಹಾಕಲು ಕಷ್ಟವಾಗಲಿಲ್ಲ. ಆದರೆ ಹೈಬ್ರಿಡ್‌ನ ಲಾಭ ಇಲ್ಲಿ ಕರಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಸೀಳಿ ಹೋಗಲು ಎಂಜಿನ್ ಬಹುಪಾಲು ದುಡಿಯುತ್ತಲೇ ಇರಬೇಕು. ಬ್ರೇಕೇ ಹಾಕದಿದ್ದರೆ ಬ್ಯಾಟರಿಗೆ ಮರಳಿ ಸಿಗುವುದಾದರೂ ಏನು? ಸದಾ ಹೆದ್ದಾರಿಯಲ್ಲೇ ದೂರ ಓಡುವವರು ಡೀಸೆಲ್ ಕಾರುಗಳನ್ನೂ ನೋಡಬೇಕು. ಉದಾಹರಣೆಗೆ, ಕ್ರೆಟಾದ 1.5 ಲೀಟರ್ ಡೀಸೆಲ್ ಎಂಜಿನ್ 250 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ತುಂಬಿದ ಕಾರನ್ನು ಎಳೆಯಲು ಅದು ಹಿತವಾದ ಶಕ್ತಿ.

ಊರು ಸೇರುತ್ತಿದ್ದಂತೆ 10.1 ಕಿಲೋಮೀಟರ್ ಉದ್ದದ ಅವಿನಾಶಿ ರಸ್ತೆಯ ಮೇಲ್ಸೇತುವೆ ಆರಂಭವಾಗುತ್ತದೆ. 2025ರ ಅಕ್ಟೋಬರಿನಲ್ಲಿ ತೆರೆದ ಈ ಸೇತುವೆಗೆ ಜಿ.ಡಿ. ನಾಯ್ಡು ಅವರ ಹೆಸರಿಟ್ಟಿದ್ದಾರೆ. ಕೊಯಮತ್ತೂರಿಗೆ ಬಂದು ಈ ಮಹನೀಯರನ್ನು ನೆನೆಯದೆ ಹೋಗುವಂತಿಲ್ಲ. ಹತ್ತಿರದ ಕಲಂಗಲ್ ಗ್ರಾಮದಲ್ಲಿ 1893ರಲ್ಲಿ ಹುಟ್ಟಿದ ಅವರು ಹೆಚ್ಚು ಓದಿದವರಲ್ಲ. ಬ್ರಿಟಿಷ್ ಅಧಿಕಾರಿಯೊಬ್ಬನ ಮೋಟಾರ್ ಸೈಕಲನ್ನು ಕಂಡು ಮರುಳಾಗಿ, ಕೊಯಮತ್ತೂರಿನ ಹೋಟೆಲೊಂದರಲ್ಲಿ ಮಾಣಿಯಾಗಿ ದುಡಿದು ಹಣ ಕೂಡಿಸಿ ಅದನ್ನೇ ಕೊಂಡರು. ಬಿಚ್ಚಿ ಜೋಡಿಸಿ ಯಂತ್ರವಿದ್ಯೆ ಕಲಿತರು. 1920ರಲ್ಲಿ ಗಿರಣಿ ಮಾಲೀಕ ರಾಬರ್ಟ್ ಸ್ಟೇನ್ಸ್ ಅವರ ಸಾಲದ ನೆರವಿನಿಂದ ಒಂದು ಬಸ್ಸು ಕೊಂಡು ಪೊಳ್ಳಾಚಿಯಿಂದ ಪಳನಿಗೆ ತಾವೇ ಓಡಿಸತೊಡಗಿದರು. ಗಮನಿಸಿ: ಆಸೆಯ ಮೋಟಾರ್ ಸೈಕಲಿಗೆ ಉಳಿತಾಯದ ಹಣ, ದುಡಿದು ಕೊಡುವ ಬಸ್ಸಿಗೆ ಮಾತ್ರ ಸಾಲ. ಕಾರು ಕೊಳ್ಳುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅವಿನಾಶಿ ರಸ್ತೆಯಲ್ಲೇ 2015ರಲ್ಲಿ ತೆರೆದ ಜೀಡಿ ಕಾರ್ ಮ್ಯೂಸಿಯಂ ಇದೆ. ನಾಯ್ಡು ಮನೆತನದವರು ಕೂಡಿಸಿದ ಹಳೆಯ ವಿದೇಶಿ ಕಾರುಗಳನ್ನು ಅಲ್ಲಿ ಚೊಕ್ಕಟವಾಗಿ ಇಟ್ಟಿದ್ದಾರೆ. ಮಕ್ಕಳಿಗಂತೂ ಹೊರಗೆ ಬರಲು ಮನಸ್ಸೇ ಇಲ್ಲ! ಈ ಊರಿಗೂ ಮೋಟಾರಿಗೂ ಇರುವ ನಂಟು ದೊಡ್ಡದು. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಇಲ್ಲಿ ಹಲವು. ಸಮೀಪದ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಓಟದ ಪಥವಿದೆ. ಫಾರ್ಮುಲಾ ಒನ್ ಸ್ಪರ್ಧೆಗೆ 2005ರಲ್ಲಿ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಇದೇ ಊರಿನವರು.

ಗಾಳಿಯ ಬಯಲು

ಕೊಯಮತ್ತೂರಿನಿಂದ ಪಲ್ಲಡಂ ಮೂಲಕ ಉಡುಮಲೈಪೇಟೆಯ ಕಡೆಗೆ ತಿರುಗಿದೆವು. ಪಶ್ಚಿಮಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಬಳಿ ದೊಡ್ಡದೊಂದು ಕಿಂಡಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಆ ಕಿಂಡಿಯಿಂದ ನುಗ್ಗಿ ಈ ಒಣ ಬಯಲಿನ ಮೇಲೆ ಬೀಸುತ್ತದೆ. ಅದಕ್ಕೇ ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಗಾಳಿಯಂತ್ರಗಳು. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ತಮಿಳರು ಗಾದೆ ಮಾಡಿದ್ದಾರೆ.

ಡಿಸೆಂಬರಿನಲ್ಲಿ ಹೋದ ನಮಗೆ ಗಾಳಿ ಸೌಮ್ಯವಾಗಿತ್ತು. ಆದರೆ ಎತ್ತರದ ಕಾರು ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಎತ್ತರ ಹೆಚ್ಚಿದಷ್ಟೂ ಪಕ್ಕದ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚು. ಭಾರದ ಕೇಂದ್ರವೂ ಮೇಲಿರುತ್ತದೆ. ತೆರೆದ ಬಯಲಿನಲ್ಲಿ, ದೊಡ್ಡ ಲಾರಿಯನ್ನು ದಾಟಿ ಮುಂದೆ ಬಂದ ಕ್ಷಣದಲ್ಲಿ, ಕಾರನ್ನು ಯಾರೋ ಪಕ್ಕಕ್ಕೆ ತಳ್ಳಿದಂತಾಗುತ್ತದೆ. ಆಗ ಎರಡೂ ಕೈಗಳಿಂದ ಸ್ಟಿಯರಿಂಗ್ ಹಿಡಿದು ವೇಗ ತಗ್ಗಿಸುವುದೊಂದೇ ಉಪಾಯ. ಎತ್ತರದಲ್ಲಿ ಕುಳಿತವನಿಗೆ ರಸ್ತೆ ದೂರದವರೆಗೆ ಕಾಣುತ್ತದೆ. ಅದರಿಂದ ಧೈರ್ಯವೂ ಬೇಡದಷ್ಟು ಬರುತ್ತದೆ!

ಉಡುಮಲೈಪೇಟೆಯಿಂದ ಪೊಳ್ಳಾಚಿಯ ತನಕ ನಾಯ್ಡು ಅವರ ಹಳೆಯ ಬಸ್ಸಿನ ಹಾದಿ. ಎರಡೂ ಕಡೆ ತೆಂಗಿನ ತೋಟಗಳು, ದೂರದಲ್ಲಿ ಆನೈಮಲೈ ಬೆಟ್ಟಗಳ ನೀಲಿ ಸಾಲು. ಆ ರಾತ್ರಿ ಪೊಳ್ಳಾಚಿಯಲ್ಲೇ ತಂಗಿದೆವು.

ವಾಲ್ಪಾರೈನ ನಲವತ್ತು ತಿರುವುಗಳು

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಪೊಳ್ಳಾಚಿಯಿಂದ ನುಣ್ಣಗೆ ಕಂಡ ಬೆಟ್ಟವನ್ನು ಮೂರನೆಯ ದಿನ ಹತ್ತಿದೆವು. ವಾಲ್ಪಾರೈಗೆ ಸುಮಾರು 64 ಕಿಲೋಮೀಟರ್. ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ ಏರು ಆರಂಭ. ಒಟ್ಟು 40 ಕಡಿದಾದ ತಿರುವುಗಳು; ಪ್ರತಿಯೊಂದಕ್ಕೂ ಸಂಖ್ಯೆಯ ಫಲಕ. ಒಂಬತ್ತನೆಯ ತಿರುವಿನ ಲೋಮ್ಸ್ ವ್ಯೂ ಎಂಬಲ್ಲಿ ನಿಂತರೆ ಆಳಿಯಾರ್ ಜಲಾಶಯ ಕೆಳಗೆ ಕನ್ನಡಿಯಂತೆ ಕಾಣುತ್ತದೆ. ಅದೃಷ್ಟವಿದ್ದರೆ ಬಂಡೆಗಳ ಮೇಲೆ ತಮಿಳುನಾಡಿನ ರಾಜ್ಯಪ್ರಾಣಿಯಾದ ವರೆಯಾಡುಗಳೂ ಕಾಣಸಿಗುತ್ತವೆ. ಮೇಲೆ ಹೋದಂತೆ ಚಹಾ ತೋಟಗಳು, ಮಳೆಕಾಡಿನ ತುಂಡುಗಳು, ಸಿಂಗಳೀಕಗಳು. ಇದು ಆನೆ, ಚಿರತೆಗಳೂ ಓಡಾಡುವ ಸೀಮೆ. ಹೊರಗಿನಿಂದ ಬರುವ ವಾಹನಗಳಿಗೆ 2025ರ ನವೆಂಬರಿನಿಂದ ಇ-ಪಾಸ್ ಬೇಕು. ಹೊರಡುವ ಮುನ್ನವೇ ಪಡೆದುಕೊಳ್ಳುವುದು ಒಳ್ಳೆಯದು.

ಕಾರಿನ ನಿಜವಾದ ಪರೀಕ್ಷೆ ನಡೆದದ್ದು ಇಲ್ಲೇ. ಐದು ಜನ ಮತ್ತು ಸಾಮಾನು ಹೊತ್ತು ಏರುವಾಗ ಎಂಜಿನ್ನಿನ ಸದ್ದು ಜೋರಾಗಿ ಕೇಳುತ್ತದೆ. ಈ ಬಗೆಯ ಗೇರ್‌ಪೆಟ್ಟಿಗೆಗಳ ಸ್ವಭಾವವೇ ಅದು. ಆಕ್ಸಿಲರೇಟರ್ ಒತ್ತಿದರೆ ಮೊದಲು ಎಂಜಿನ್ನಿನ ಸದ್ದು ಏರುತ್ತದೆ, ವೇಗ ಹಿಂದಿನಿಂದ ಬರುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ನಾಲ್ಕು ಸಿಲಿಂಡರಿನದರಷ್ಟು ನಯವೂ ಇರುವುದಿಲ್ಲ. ಹುರುಪಿನಿಂದ ಬೆಟ್ಟ ಹತ್ತಬೇಕೆನ್ನುವ ಯುವಕರಿಗೆ ಇದು ಹಿಡಿಸದೇ ಹೋಗಬಹುದು. ಆದರೆ ಹಿಂದೆ ಕೂತವರಿಗೆ ಗೇರ್ ಬದಲಾಗುವ ಜರ್ಕ್ ಇಲ್ಲ. ತಿರುವಿನ ನಂತರ ಮೋಟಾರು ತಟ್ಟನೆ ಎಳೆಯುವುದರಿಂದ ತಡವರಿಕೆಯೂ ಇಲ್ಲ.

ಎತ್ತರದ ಕಾರು ತಿರುವುಗಳಲ್ಲಿ ವಾಲುತ್ತದೆ. ಹತ್ತನೆಯ ತಿರುವಿನ ಹೊತ್ತಿಗೆ ಅಮ್ಮನಿಗೆ ಹೊಟ್ಟೆ ತೊಳಸಲು ಶುರುವಾಯಿತು. ಅವರನ್ನು ಮುಂದಿನ ಸೀಟಿಗೆ ಬದಲಿಸಿ, ದೂರದ ರಸ್ತೆ ನೋಡುತ್ತಿರುವಂತೆ ಹೇಳಿ, ವೇಗ ಇಳಿಸಿದೆ. ಆಮೇಲೆ ವಾಲ್ಪಾರೈ ತಲುಪುವವರೆಗೆ ಅವರು ಚೆನ್ನಾಗಿಯೇ ಇದ್ದರು. ಎಷ್ಟೇ ಬೆಲೆಯ ಕಾರಾದರೂ ಘಾಟಿಯಲ್ಲಿ ಹಿರಿಯರ ನೆಮ್ಮದಿ ಇರುವುದು ಚಾಲಕನ ಪಾದದಲ್ಲಿ.

ಇಳಿಯುವಾಗಿನ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ವಾಲ್ಪಾರೈನಿಂದ ಆಳಿಯಾರ್‌ಗೆ 700 ಮೀಟರಿಗೂ ಹೆಚ್ಚು ಇಳಿಜಾರು. ಐದು ಜನ ಕೂತ ಕಾರು ಸುಮಾರು 1,650 ಕಿಲೋ ತೂಗುತ್ತದೆಂದರೆ, ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 3 ಯೂನಿಟ್ ವಿದ್ಯುತ್ತಿಗೆ ಸಮ. ಮಾಮೂಲಿ ಕಾರಿನಲ್ಲಿ ಇದರ ದೊಡ್ಡ ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹಾಳಾಗುತ್ತದೆ. ಹೈಬ್ರಿಡ್ ಕಾರು ಅದನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಆದರೆ ಆ ಬ್ಯಾಟರಿ ಹಿಡಿಸುವುದು 0.76 ಯೂನಿಟ್ ಮಾತ್ರ! ಅರ್ಧ ದಾರಿಗೆ ಮುಂಚೆಯೇ ಅದು ತುಂಬಿಹೋದರೆ ಆಶ್ಚರ್ಯವಿಲ್ಲ. ತುಂಬಿದ ಮೇಲೆ ಬ್ಯಾಟರಿಯ ತಡೆ ಸಿಗುವುದಿಲ್ಲ. ಆಗ ಬೇಕಾಗುವುದೇ ಗೇರ್ ಹಿಡಿಕೆಯ 'ಬಿ' ಸ್ಥಾನ. ಅದಕ್ಕೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದ ಮಾತಿನ ಹೊಸ ರೂಪವಿದು. ಕಿರಿದಾದ ಘಾಟಿಯಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ; ಅದನ್ನೂ ಮರೆಯಬೇಡಿ.

ಹಿಂದಿನ ಸೀಟಿನವರ ತೀರ್ಪು

ಅಮ್ಮನ ಮೆಚ್ಚುಗೆ ಮೊದಲು ಸಿಕ್ಕಿದ್ದು ಸೀಟಿನ ಎತ್ತರಕ್ಕೆ. ಸಣ್ಣ ಕಾರಿಗೆ ಬಗ್ಗಿ ಇಳಿಯಬೇಕು, ದೊಡ್ಡ ಜೀಪಿಗೆ ಏರಿ ಹತ್ತಬೇಕು. ಇಲ್ಲಿ ಕುರ್ಚಿಯ ಮೇಲೆ ಕೂರುವಂತೆ ಪಕ್ಕಕ್ಕೆ ಸರಿದು ಕೂತರಾಯಿತು. ಮಂಡಿನೋವಿನವರಿಗೆ ಇದೇ ದೊಡ್ಡ ವರ. ಕಾಲು ಚಾಚಲು ಜಾಗವೂ ಸಾಕಷ್ಟು. ಆದರೆ ಹಿಂದೆ ಮೂವರು ದೊಡ್ಡವರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಇಬ್ಬರು ದೊಡ್ಡವರು, ನಡುವೆ ಒಂದು ಮಗು ಎಂದರೆ ಸರಿ.

ಡಿಕ್ಕಿಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಕು. ಬ್ಯಾಟರಿ ಹಿಂದೆ ಇರುವುದರಿಂದ ಹೈಬ್ರಿಡ್ ಮಾದರಿಯಲ್ಲಿ ಸಾಮಾನಿನ ಜಾಗ ಸುಮಾರು 265 ಲೀಟರ್. ಸಾಧಾರಣ ಪೆಟ್ರೋಲ್ ಮಾದರಿಯಲ್ಲಿ ಇದಕ್ಕಿಂತ ನೂರು ಲೀಟರಿನಷ್ಟು ಹೆಚ್ಚು. ಕ್ರೆಟಾದಲ್ಲಿ 433 ಲೀಟರ್. ಎರಡು ಪೆಟ್ಟಿಗೆ ಮತ್ತು ಅಮ್ಮನ ಮಡಚುವ ವಾಕರ್ ಇಟ್ಟ ಮೇಲೆ ಪೊಳ್ಳಾಚಿಯ ತೆಂಗಿನಕಾಯಿ ಚೀಲ ಮಕ್ಕಳ ಕಾಲಬುಡಕ್ಕೆ ಬಂತು! ವಾಕರ್, ಗಾಲಿಕುರ್ಚಿ ಇರುವ ಮನೆಯವರು ಅವನ್ನು ಷೋರೂಮಿಗೆ ಒಯ್ದು ಇಟ್ಟು ನೋಡಿಯೇ ಕೊಳ್ಳಬೇಕು.

ಮಕ್ಕಳು ಮೆಚ್ಚಿದ್ದು ಛಾವಣಿಯ ಗಾಜಿನ ಕಿಟಕಿಯನ್ನು. ಆಳಿಯಾರ್ ಬಳಿ ಬೇರೆ ಕಾರುಗಳಲ್ಲಿ ಮಕ್ಕಳು ಅದರಿಂದ ತಲೆ ಹೊರಹಾಕಿ ನಿಂತಿದ್ದನ್ನು ಕಂಡೆವು. ನೋಡಲು ಚೆಂದ, ಆದರೆ ಒಂದು ಬ್ರೇಕು ಹಾಕಿದರೆ ಮುಗಿಯಿತು. ಆ ಕಿಟಕಿ ಇರುವುದು ಬೆಳಕಿಗೆ, ನಿಲ್ಲುವುದಕ್ಕಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಬೇಡವೆಂಬ ನಂಬಿಕೆಯೂ ನಮ್ಮಲ್ಲಿ ಬೇರೂರಿದೆ. 2022ರ ಸೆಪ್ಟೆಂಬರ್ 4ರಂದು ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅವರು ಬಹಳ ಬೆಲೆಬಾಳುವ ಕಾರಿನಲ್ಲೇ ಅಪಘಾತಕ್ಕೀಡಾದರು. ಬೆಲ್ಟ್ ಹಾಕದೆ ಹಿಂದೆ ಕೂತಿದ್ದ ಇಬ್ಬರೂ ತೀರಿಕೊಂಡರು. ಮುಂದೆ ಕೂತಿದ್ದ ಇಬ್ಬರು ಬದುಕಿ ಉಳಿದರು. ಹಿಂದಿನವರು ಬೆಲ್ಟ್ ಹಾಕದಿದ್ದರೆ ಕಾನೂನಿನಲ್ಲಿ 1,000 ರೂಪಾಯಿ ದಂಡವಿದೆ. ದಂಡಕ್ಕಿಂತ ಜೀವ ದೊಡ್ಡದಲ್ಲವೇ? ಗಾಳಿಚೀಲಗಳು ಆರಿರಲಿ, ಎಂಟಿರಲಿ, ಬೆಲ್ಟ್ ಹಾಕಿದವರಿಗೆ ಮಾತ್ರ ಅವು ಪೂರ್ತಿ ರಕ್ಷಣೆ ಕೊಡುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚು

ಈಗ ಹಣದ ಮಾತು. ಹೈರೈಡರ್ ಮಾದರಿಗಳ ಷೋರೂಮ್ ಬೆಲೆ ಸುಮಾರು 11ರಿಂದ 20 ಲಕ್ಷದವರೆಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದದ ಇಂಥ ಕಾರುಗಳಿಗೆ ಜಿಎಸ್‌ಟಿ ಶೇಕಡಾ 40. ನಾಲ್ಕು ಮೀಟರ್ ಒಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ 18 ಮಾತ್ರ. ಇದರ ಮೇಲೆ ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇಕಡಾ 17 ರಸ್ತೆ ತೆರಿಗೆ, ಅದಕ್ಕೆ ಉಪಕರ, ಆಮೇಲೆ ವಿಮೆ. ಜಾಹೀರಾತಿನ ಬೆಲೆಯನ್ನು ನೋಡಿ ಹೊರಟವರು ಷೋರೂಮಿನಲ್ಲಿ ಬೆವರುವುದು ಇದಕ್ಕೇ.

ಹೈಬ್ರಿಡ್‌ಗೂ ಅದೇ ದರ್ಜೆಯ ಪೆಟ್ರೋಲ್ ಮಾದರಿಗೂ ಎರಡೂವರೆ ಲಕ್ಷ ವ್ಯತ್ಯಾಸವೆಂದೂ, ಹೈಬ್ರಿಡ್ ಲೀಟರಿಗೆ 20, ಪೆಟ್ರೋಲ್ 14 ಕಿಲೋಮೀಟರ್ ಕೊಡುತ್ತದೆಂದೂ, ಪೆಟ್ರೋಲ್ ಬೆಲೆ 100 ರೂಪಾಯಿ ಎಂದೂ ಅಂದಾಜಿಗೆ ಇಟ್ಟುಕೊಳ್ಳಿ. ತಿಂಗಳಿಗೆ 2,000 ಕಿಲೋಮೀಟರ್ ಓಡಿಸುವವರಿಗೆ ಸುಮಾರು 4,280 ರೂಪಾಯಿ ಉಳಿಯುತ್ತದೆ. ಐದು ವರ್ಷದೊಳಗೆ ಹೆಚ್ಚುವರಿ ಬೆಲೆ ಮರಳಿ ಬರುತ್ತದೆ. ತಿಂಗಳಿಗೆ 500 ಕಿಲೋಮೀಟರ್ ಮಾತ್ರ ಓಡಿಸಿದರೆ ಉಳಿಯುವುದು ಸುಮಾರು 1,070 ರೂಪಾಯಿ. ಬೆಲೆ ಮರಳಲು 19 ವರ್ಷ ದಾಟಬೇಕು! ಅಷ್ಟು ದಿನ ಕಾರೇ ಇರುವುದಿಲ್ಲ.

ಸಾಲದ ಅವಧಿಯನ್ನೂ ನೋಡಿ. ಹತ್ತು ಲಕ್ಷಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 16,090, ಒಟ್ಟು ಬಡ್ಡಿ ಮೂರೂವರೆ ಲಕ್ಷ. ಐದು ವರ್ಷಕ್ಕಾದರೆ ಕಂತು 20,760, ಬಡ್ಡಿ ಎರಡೂವರೆ ಲಕ್ಷದೊಳಗೆ. ಕಂತು ಚಿಕ್ಕದೆಂದು ಉದ್ದದ ಸಾಲ ಆರಿಸಿದರೆ ಒಂದು ಲಕ್ಷ ಹೆಚ್ಚು ತೆರುತ್ತೇವೆ. ಐದು ವರ್ಷದ ಕಂತು ಕಟ್ಟಲಾಗದಿದ್ದರೆ ಆ ಕಾರು ನಮ್ಮ ಹಾಸಿಗೆಗಿಂತ ಉದ್ದ ಎಂದೇ ಅರ್ಥ.

ಕೊಳ್ಳುವ ಮುನ್ನ

1. ಒಂದು ತಿಂಗಳು ನಿಮ್ಮ ಓಡಾಟದ ಕಿಲೋಮೀಟರ್ ಬರೆದಿಡಿ. ಪೇಟೆಯ ಓಡಾಟ ಹೆಚ್ಚಿದ್ದರೆ ಹೈಬ್ರಿಡ್, ಹೆದ್ದಾರಿ ಹೆಚ್ಚಿದ್ದರೆ ಡೀಸೆಲ್, ಎರಡೂ ಕಡಿಮೆಯಿದ್ದರೆ ಸಾಧಾರಣ ಪೆಟ್ರೋಲ್.

2. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ನೀವು ನಿತ್ಯ ಹೋಗುವ ಕೆಟ್ಟ ರಸ್ತೆಯಲ್ಲೇ ಓಡಿಸಿ ನೋಡಿ. ನೀವೂ ಅರ್ಧ ಗಂಟೆ ಹಿಂದೆ ಕುಳಿತುಕೊಳ್ಳಿ.

3. 2023ರ ಅಕ್ಟೋಬರಿನಿಂದ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆ ಮಾದರಿಗೆ ಎಷ್ಟು ನಕ್ಷತ್ರ ಸಿಕ್ಕಿವೆ ಎಂದು ವಿಚಾರಿಸಿ. ದೊಡ್ಡವರದ್ದೂ ಮಕ್ಕಳದ್ದೂ ಬೇರೆ ಬೇರೆ ಅಂಕಗಳು.

4. ಹೈಬ್ರಿಡ್ ಬ್ಯಾಟರಿಗೆ ಟೊಯೊಟಾ 8 ವರ್ಷ ಅಥವಾ 1,60,000 ಕಿಲೋಮೀಟರ್ ಭರವಸೆ ಕೊಡುತ್ತದೆ. ಬೇರೆಯವರ ಷರತ್ತುಗಳನ್ನೂ ಬರಹದಲ್ಲೇ ಪಡೆದುಕೊಳ್ಳಿ.

ತಿರುಪ್ಪೂರಿನ ನಮ್ಮ ಬಂಧು ತಿಂಗಳಿಗೆ 2,000 ಕಿಲೋಮೀಟರ್ ಓಡಾಡುತ್ತಾರೆ, ಅದರಲ್ಲಿ ಬಹುಪಾಲು ಪೇಟೆಯ ದಟ್ಟಣೆಯಲ್ಲಿ. ಅವರಿಗೆ ಈ ಹೈಬ್ರಿಡ್ ನಾಯ್ಡು ಅವರ ಬಸ್ಸಿನಂತೆ ದುಡಿದು ಕೊಡುವ ಗಾಡಿ. ನಮ್ಮ ಓಡಾಟ ತಿಂಗಳಿಗೆ 500 ಕಿಲೋಮೀಟರ್ ದಾಟುವುದಿಲ್ಲ. ಆದ್ದರಿಂದ ಅದೇ ಕಾರಿನ ಸಾಧಾರಣ ಪೆಟ್ರೋಲ್ ಮಾದರಿಯನ್ನು ಐದು ವರ್ಷದ ಸಾಲದಲ್ಲಿ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅದೇ ಎತ್ತರದ ಸೀಟು, ಡಿಕ್ಕಿಯಲ್ಲಿ ವಾಕರ್ ಇಡಲು ಹೆಚ್ಚು ಜಾಗ, ಉಳಿಯುವ ಎರಡೂವರೆ ಲಕ್ಷ ಮಗಳ ಕಾಲೇಜಿಗೆ. ಒಬ್ಬರಿಗೆ ಒಪ್ಪುವ ಕಾರು ಇನ್ನೊಬ್ಬರಿಗೆ ಒಪ್ಪಬೇಕೆಂದಿಲ್ಲ. ನಿಮ್ಮ ರಸ್ತೆಯನ್ನೂ, ನಿಮ್ಮ ಹಿಂದಿನ ಸೀಟಿನವರನ್ನೂ ಕೇಳಿ ಆರಿಸಿಕೊಳ್ಳಿ. ನಿಮ್ಮ ಪಯಣ ಸುಖವಾಗಿರಲಿ.